ಮುಚ್ಚುವ ಮೊದಲು ನೋಡಿ: ಮನೆ ಕಟ್ಟಿಸುವಾಗ ಒಡೆದು ಕಟ್ಟುವ ಖರ್ಚು ತಪ್ಪಿಸುವುದು ಹೇಗೆ

ತುಮಕೂರಿನಲ್ಲಿ ನಮ್ಮ ಮನೆ ಕಟ್ಟಿಸುವಾಗ ನಾನು ಒಂದು ಪುಸ್ತಕ ಇಟ್ಟಿದ್ದೆ. ಸಿಮೆಂಟು, ಕಂಬಿ ಲೆಕ್ಕದ ಪುಸ್ತಕ ಬೇರೆ ಇತ್ತು. ಇದರಲ್ಲಿ ಒಡೆದಿದ್ದನ್ನು ಮಾತ್ರ ಬರೆಯುತ್ತಿದ್ದೆ. ಯಾವತ್ತು ಒಡೆದೆವು, ಏನು ಒಡೆದೆವು, ಯಾಕೆ, ಎಷ್ಟು ಹೋಯಿತು ಅಂತ. 30×40 ಸೈಟಿನ ಸಾಧಾರಣ ಮನೆ ಅದು. ಗೃಹಪ್ರವೇಶದ ಹೊತ್ತಿಗೆ 23 ಸಾಲು ತುಂಬಿದ್ದವು.

ಆಮೇಲೆ ಒಂದು ಭಾನುವಾರ ಕೂತು ಅದನ್ನು ಓದಿದೆ. ಕೆಟ್ಟ ಕೆಲಸ ಅಂತ ಒಡೆಸಿದ್ದು ನಾಲ್ಕೈದು ಸಲ ಮಾತ್ರ. ಉಳಿದ ಕಡೆಯೆಲ್ಲ ಕೆಲಸ ಚೆನ್ನಾಗೇ ಆಗಿತ್ತು. ಆದರೆ ಒಳಗಿರಬೇಕಾದ ಪೈಪು ಇರಲಿಲ್ಲ, ಅಥವಾ ಇದ್ದದ್ದು ಎರಡಿಂಚು ಆಚೆ ಇತ್ತು. ಮನೆ ಕಟ್ಟುವುದು ಅಂದರೆ ಒಂದನ್ನು ಇನ್ನೊಂದರಿಂದ ಮುಚ್ಚುತ್ತಾ ಹೋಗುವುದು ತಾನೇ? ಪಾಯವನ್ನು ಮಣ್ಣು ಮುಚ್ಚುತ್ತದೆ. ಕಂಬಿಯನ್ನು ಕಾಂಕ್ರೀಟು, ಪೈಪನ್ನು ಪ್ಲಾಸ್ಟರು, ವಾಟರ್‌ಪ್ರೂಫಿಂಗನ್ನು ಟೈಲ್ಸು. ಮುಚ್ಚುವ ಹಿಂದಿನ ದಿನ ಅರ್ಧ ಗಂಟೆಯಲ್ಲಿ ಸರಿಹೋಗುತ್ತಿದ್ದದ್ದು, ಮುಚ್ಚಿದ ಮಾರನೇ ದಿನ ಒಂದು ವಾರದ ಕೆಲಸ ಆಗಿರುತ್ತದೆ. ಅದಕ್ಕೇ ಈ ಲೇಖನದ ಹಂತಗಳನ್ನು ಮುಚ್ಚುವ ಕೆಲಸಗಳ ಪ್ರಕಾರವೇ ಜೋಡಿಸಿದ್ದೇನೆ.

ಮೊದಲು, ಖರ್ಚು ನಿಜಕ್ಕೂ ಎಷ್ಟು?

"ಏನಿಲ್ಲ ಸಾರ್, ಒಂದು ಗೋಡೆ ತಾನೇ, ಅರ್ಧ ದಿನದಲ್ಲಿ ಒಡೆದು ಹಾಕ್ತೀವಿ" ಅನ್ನುತ್ತಾರೆ ಮೇಸ್ತ್ರಿ. ಒಡೆಯುವುದು ಅರ್ಧ ದಿನವೇ, ನಿಜ. ಉಳಿದದ್ದನ್ನು ನೀವು ಲೆಕ್ಕ ಹಾಕಿ.

ಹತ್ತಡಿ ಉದ್ದ, ಹತ್ತಡಿ ಎತ್ತರದ ಆರಿಂಚಿನ ಗೋಡೆ ಅಂದುಕೊಳ್ಳಿ. 16×8 ಇಂಚಿನ ಸಾಲಿಡ್ ಬ್ಲಾಕ್ ಆದರೆ ಸುಮಾರು 110 ಬ್ಲಾಕ್ ಬೇಕು. ಒಡೆದಾಗ ಇಡಿಯಾಗಿ ಕೈಗೆ ಸಿಗುವುದು ಕೆಲವು ಮಾತ್ರ. ಗೋಡೆಯ ಗಾತ್ರ 50 ಘನ ಅಡಿ. ಒಡೆದು ರಾಶಿ ಹಾಕಿದರೆ ಅದು ಉಬ್ಬಿ 75 ಘನ ಅಡಿಯ ಹತ್ತಿರ ಆಗುತ್ತದೆ. ಟ್ರ್ಯಾಕ್ಟರ್ ಕರೆಸಿ ಸಾಗಿಸಬೇಕು. ಒಡೆದ ಕೂಲಿ, ಮತ್ತೆ ಕಟ್ಟಿದ ಕೂಲಿ, ಹೊಸ ಬ್ಲಾಕು, ಸಿಮೆಂಟು, ಎಂ ಸ್ಯಾಂಡು ಸೇರಿಸಿ. ಪ್ಲಾಸ್ಟರ್ ಆಗಿದ್ದರೆ ಎರಡೂ ಕಡೆ ಸೇರಿ 200 ಚದರ ಅಡಿ ಅದೂ ಹೋಯಿತು. ಅದರೊಳಗೆ ಎಲೆಕ್ಟ್ರಿಷಿಯನ್ ಪೈಪು ಎಳೆದಿದ್ದರೆ ಅವನನ್ನೂ ವಾಪಸ್ ಕರೆಸಬೇಕು. ಅಷ್ಟು ಹೊತ್ತಿಗೆ ಅವನು ಬೇರೆ ಸೈಟಿಗೆ ಹೋಗಿರುತ್ತಾನೆ. ಬರುವುದು ಅವನಿಗೆ ಬಿಡುವಾದಾಗ.

ಯಾರೂ ಲೆಕ್ಕಕ್ಕೆ ತಗೊಳ್ಳದ ಖರ್ಚು ದಿನಗಳದ್ದು. ಬ್ಯಾಂಕು 24 ಲಕ್ಷ ಬಿಡುಗಡೆ ಮಾಡಿದೆ, ಬಡ್ಡಿ ಶೇಕಡಾ 9 ಅನ್ನೋಣ. ತಿಂಗಳಿಗೆ 18,000, ದಿನಕ್ಕೆ 600 ರೂಪಾಯಿ. ಜೊತೆಗೆ 15,000 ರೂಪಾಯಿ ಬಾಡಿಗೆ ಮನೆಯಲ್ಲಿದ್ದರೆ ದಿನಕ್ಕೆ ಇನ್ನೊಂದು 500. ಅಂದರೆ ಸೈಟಿನಲ್ಲಿ ಏನೂ ನಡೆಯದಿದ್ದರೂ ದಿನಕ್ಕೆ 1,100 ರೂಪಾಯಿ ಹೋಗುತ್ತಿರುತ್ತದೆ. ಒಂದು ಗೋಡೆಯಿಂದ ಹತ್ತು ದಿನ ತಡವಾದರೆ 11,000. ನಿಮ್ಮ ಸಾಲ, ಬಾಡಿಗೆಗೆ ತಕ್ಕಂತೆ ಈ "ದಿನದ ರೇಟು" ಎಷ್ಟು ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಏನಾದರೂ ಬದಲಾಯಿಸೋಣ ಅನ್ನಿಸಿದಾಗಲೆಲ್ಲ ಅದನ್ನು ತೆಗೆದು ನೋಡಿ.

ಇನ್ನೊಂದು ವಿಷಯ. ಲೇಬರ್ ಕಾಂಟ್ರಾಕ್ಟಿನಲ್ಲಿ, ಅಂದರೆ ಸಾಮಾನು ನಿಮ್ಮದು ಕೂಲಿ ಮಾತ್ರ ಅವರದು ಅನ್ನುವ ಲೆಕ್ಕದಲ್ಲಿ, ತಪ್ಪು ಮೇಸ್ತ್ರಿಯದೇ ಆಗಿದ್ದರೂ ನಷ್ಟದ ದೊಡ್ಡ ಪಾಲು ನಿಮ್ಮ ತಲೆಗೇ ಬರುತ್ತದೆ. "ಬಿಡಿ ಸಾರ್, ಫ್ರೀಯಾಗಿ ಮತ್ತೆ ಕಟ್ಟಿಕೊಡ್ತೀನಿ" ಅಂತ ಅವರು ದೊಡ್ಡ ಮನಸ್ಸು ಮಾಡುತ್ತಾರೆ. ಸಿಮೆಂಟು ಯಾರದ್ದು? ಈ ಪ್ರಶ್ನೆಗೆ ಅಗ್ರಿಮೆಂಟಿನಲ್ಲೇ ಒಂದು ಸಾಲು ಉತ್ತರ ಇರಲಿ.

ಹಂತ 1: ಒಡೆಯುವುದಿದ್ದರೆ ಕಾಗದದ ಮೇಲೆ ಒಡೆಯಿರಿ

ಪ್ಲಾನ್ ಕೈಗೆ ಬಂದ ಕೂಡಲೇ ಗುದ್ದಲಿ ಪೂಜೆಗೆ ದಿನ ನೋಡಬೇಡಿ. ಎರಡು ವಾರ ಅದು ಊಟದ ಮೇಜಿನ ಮೇಲೆ ಬಿದ್ದಿರಲಿ. ಮನೆಯವರೆಲ್ಲ ಅದರ ಮೇಲೆ ಪೆನ್ಸಿಲ್ ಆಡಿಸಲಿ.

ರೂಮು 10×10 ಅಂದರೆ ಎಷ್ಟು ದೊಡ್ಡದು ಅಂತ ಕಾಗದದಲ್ಲಿ ಗೊತ್ತಾಗುವುದಿಲ್ಲ. ಮಂಚದ ಉದ್ದ ಆರೂವರೆ ಅಡಿ. ಎದುರು ಗೋಡೆಗೆ ಎರಡಡಿ ಆಳದ ವಾರ್ಡ್‌ರೋಬ್. ಉಳಿಯುವುದು ಒಂದೂವರೆ ಅಡಿ. ಪ್ಲಾಸ್ಟರ್ ದಪ್ಪ ಕಳೆದರೆ ಅಷ್ಟೂ ಇಲ್ಲ. ವಾರ್ಡ್‌ರೋಬ್ ಬಾಗಿಲು ತೆಗೆದರೆ ಮಂಚಕ್ಕೆ ಬಡಿಯುತ್ತದೆ. ಇದು ಗೋಡೆ ಎದ್ದ ಮೇಲೆ ಗೊತ್ತಾದರೆ "ಈ ಗೋಡೆ ಎರಡಡಿ ಆಕಡೆ ಹೋಗಲಿ" ಅನ್ನುವ ಮಾತು ಶುರುವಾಗುತ್ತದೆ. ಈಗಿರುವ ಬಾಡಿಗೆ ಮನೆಯ ರೂಮುಗಳನ್ನೇ ಟೇಪು ಹಿಡಿದು ಅಳೆಯಿರಿ. ಇದಕ್ಕಿಂತ ದೊಡ್ಡದು ಬೇಕಾ, ಇಷ್ಟೇ ಸಾಕಾ ಅಂತ ಆಗ ತಿಳಿಯುತ್ತದೆ.

ವಾಸ್ತು. ನಂಬುತ್ತೀರೋ ಬಿಡುತ್ತೀರೋ ನಿಮಗೆ ಸೇರಿದ್ದು. ಆದರೆ ಮನೆಯಲ್ಲಿ ಒಬ್ಬರಾದರೂ ನಂಬುವವರಿದ್ದರೆ, ತೋರಿಸುವುದನ್ನು ಪಾಯಕ್ಕೆ ಮೊದಲೇ ತೋರಿಸಿ ಮುಗಿಸಿ. ನನ್ನ ಪುಸ್ತಕದ ಆರನೇ ಸಾಲು ಇದೇ. ಗೋಡೆ ಲಿಂಟಲ್ ಮಟ್ಟಕ್ಕೆ, ಅಂದರೆ ಬಾಗಿಲಿನ ಮೇಲ್ತುದಿಯವರೆಗೆ ಬಂದಾಗ ನೋಡಲು ಬಂದ ದೊಡ್ಡಪ್ಪ, ಈಶಾನ್ಯದಲ್ಲಿ ಬಚ್ಚಲು ಇದೆಯಲ್ಲಪ್ಪ ಅಂದರು. ಅಮ್ಮ ಆ ರಾತ್ರಿ ನಿದ್ದೆ ಮಾಡಲಿಲ್ಲ. ಮೂರನೇ ದಿನ ಗೋಡೆ ಬಿತ್ತು. ದೊಡ್ಡಪ್ಪನಿಗೆ ಪ್ಲಾನನ್ನು ಮೊದಲೇ ತೋರಿಸಿದ್ದರೆ ಒಂದು ಕಾಫಿಯಲ್ಲಿ ಮುಗಿಯುತ್ತಿತ್ತು.

ಬರೀ ಪ್ಲಾನ್ ಹಿಡಿದು ಕೆಲಸ ಶುರು ಮಾಡಬೇಡಿ. ಕಂಬಿಯ ವಿವರ ಇರುವ ಸ್ಟ್ರಕ್ಚರಲ್ ಡ್ರಾಯಿಂಗ್, ಎಲೆಕ್ಟ್ರಿಕಲ್ ಡ್ರಾಯಿಂಗ್, ಪ್ಲಂಬಿಂಗ್ ಡ್ರಾಯಿಂಗ್ ಈ ಮೂರೂ ಬೇಕು. ಕೊನೆಯ ಎರಡನ್ನು "ಆಮೇಲೆ ಕೊಡ್ತೀವಿ" ಅನ್ನುತ್ತಾರೆ. ಆಮೇಲೆ ಅಂದರೆ ಗೋಡೆ ಕಟಿಂಗ್ ಅಂತಲೇ ಅರ್ಥ. ಬೆಂಗಳೂರಿನಲ್ಲಿ ಕಟ್ಟಿಸುವವರು ಮಳೆನೀರು ಕೊಯ್ಲಿನ ಪೈಪುಗಳನ್ನೂ ಇದರಲ್ಲೇ ಸೇರಿಸಿ. 30×40 ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹೊಸ ಮನೆಗಳಿಗೆ ಅಲ್ಲಿ 2009ರಲ್ಲೇ ಅದನ್ನು ಕಡ್ಡಾಯ ಮಾಡಿದ್ದಾರೆ. ಪೇಂಟ್ ಆದ ಗೋಡೆಗೆ ಹೊರಗಿನಿಂದ ಪೈಪು ಹೊಡೆಸಿದ ಮನೆಗಳನ್ನು ನೀವೂ ನೋಡಿರುತ್ತೀರಿ.

ಹಂತ 2: ಪಾಯವನ್ನು ಮಣ್ಣು ಮುಚ್ಚುವ ಮೊದಲು

ಸುಣ್ಣದ ಪುಡಿಯಲ್ಲಿ ಮಾರ್ಕಿಂಗ್ ಮಾಡಿದ ದಿನ ಟೇಪು ತಗೊಂಡು ನೀವೇ ಹೋಗಿ. 30×40 ಸೈಟಿಗೆ ಒಂದು ಅನುಕೂಲ ಇದೆ. ಮೂಲೆಗಳು ಸರಿಯಾಗಿದ್ದರೆ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳೆದಾಗ ಸರಿಯಾಗಿ 50 ಅಡಿ ಬರಬೇಕು, ಎರಡೂ ಕಡೆ. ಬರದಿದ್ದರೆ ಸೈಟೇ ಸೊಟ್ಟಗಿದೆ. ಮನೆಯ ಮಾರ್ಕಿಂಗ್‌ಗೂ ಇದೇ ಪರೀಕ್ಷೆ. ಎದುರುಬದುರು ಬದಿಗಳು ಸಮ ಇದ್ದು, ಎರಡು ಕರ್ಣಗಳೂ ಸಮ ಇದ್ದರೆ ಮೂಲೆಮಟ್ಟ ಸರಿ ಇದೆ. ಇಲ್ಲಿ ಬಿಟ್ಟ ತಪ್ಪು ಟೈಲ್ಸ್ ಹಾಕುವ ದಿನ ಎದ್ದು ಕಾಣುತ್ತದೆ. ಗೋಡೆ ಪಕ್ಕದ ಸಾಲು ಒಂದು ತುದಿಯಲ್ಲಿ ನಾಲ್ಕಿಂಚು, ಇನ್ನೊಂದು ತುದಿಯಲ್ಲಿ ಎರಡಿಂಚು.

ಮಣ್ಣು ಯಾವುದು ಅಂತ ಎಂಜಿನಿಯರ್ ನೋಡಲಿ. ಧಾರವಾಡ, ಗದಗ, ಕಲಬುರಗಿ ಕಡೆಯ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಅದಕ್ಕೆ ತಕ್ಕ ಪಾಯ ಹಾಕದಿದ್ದರೆ ಗೋಡೆಯ ಬಿರುಕಿಗೆ ಪ್ರತಿ ವರ್ಷ ಪಟ್ಟಿ ಹಾಕಿಸುತ್ತಾ ಇರಬೇಕಾಗುತ್ತದೆ. ಪ್ಲಿಂತ್ ಬೀಮ್ (ಪಾಯದ ಮೇಲೆ ಗೋಡೆ ಕೂರುವ ಕಾಂಕ್ರೀಟ್ ಪಟ್ಟಿ) ಹಾಕುವ ಮೊದಲು ಬಚ್ಚಲು, ಅಡುಗೆಮನೆಯ ನೀರು ಹೊರಗೆ ಹೋಗುವ ಪೈಪಿನ ದಾರಿ ಗುರುತಾಗಿರಲಿ.

ಹಂತ 3: ಹೊಸ್ತಿಲು, ಮೆಟ್ಟಿಲು ಮತ್ತು ಒಂದು ನೀಲಿ ಗೆರೆ

ಒಂದೇ ಒಂದು ಹಂತ ಓದಿ ಬಿಡುವುದಾದರೆ ಇದನ್ನು ಓದಿ. ನನ್ನ 23 ಸಾಲುಗಳಲ್ಲಿ ಏಳು ಇದಕ್ಕೇ ಸೇರಿದ್ದು.

ನಮ್ಮಲ್ಲಿ ಮುಂಬಾಗಿಲಿನ ವಾಸಕಾಲನ್ನು ಮುಹೂರ್ತ ನೋಡಿ ನಿಲ್ಲಿಸುತ್ತೇವೆ. ಐನೋರು ಹೇಳಿದ್ದು ಬೆಳಿಗ್ಗೆ ಏಳೂವರೆ. ಅಷ್ಟು ಹೊತ್ತಿಗೆ ಅರಿಶಿನ ಕುಂಕುಮ ಎಲ್ಲ ರೆಡಿ. ರೆಡಿ ಇಲ್ಲದ್ದು ಒಂದೇ, ಮನೆಯ ನೆಲ ಕೊನೆಗೆ ಯಾವ ಮಟ್ಟಕ್ಕೆ ಬರುತ್ತದೆ ಅನ್ನುವ ಲೆಕ್ಕ. ಮೇಸ್ತ್ರಿ ಅಂದಾಜಿಗೆ ನಿಲ್ಲಿಸುತ್ತಾರೆ. ಆರು ತಿಂಗಳಾದ ಮೇಲೆ ಗಾರೆ, ಅದರ ಮೇಲೆ ಟೈಲ್ಸು ಸೇರಿ ನೆಲ ಎರಡು ಮೂರು ಇಂಚು ಮೇಲೇಳುತ್ತದೆ. ಹೊಸ್ತಿಲು ಅರ್ಧ ಹೂತುಹೋಗುತ್ತದೆ. ಹೊಸ್ತಿಲು ಹೂತ ಮನೆಗೆ ಹೋಗುವುದು ಹೇಗೆ ಅಂತ ಮನೆಯಲ್ಲಿ ಜಗಳ. ರೂಮಿನ ಬಾಗಿಲುಗಳ ಕಥೆಯೂ ಇದೇ. ನೆಲಕ್ಕೆ ಉಜ್ಜುವ ಬಾಗಿಲನ್ನು ಕೆಳಗಿನಿಂದ ಕೊಯ್ಯಬೇಕು.

ಮೆಟ್ಟಿಲಿನಲ್ಲಿ ಇದು ಇನ್ನೂ ಸೂಕ್ಷ್ಮ. ಸೆಂಟ್ರಿಂಗಿನವರು, ಅಂದರೆ ಕಾಂಕ್ರೀಟ್ ಹಾಕಲು ಹಲಗೆ ಕಟ್ಟುವವರು, ಎಲ್ಲ ಮೆಟ್ಟಿಲೂ ಸಮ ಆರಿಂಚು ಇಟ್ಟು ಕಾಂಕ್ರೀಟ್ ಹಾಕುತ್ತಾರೆ. ನೋಡಲು ಲಕ್ಷಣವಾಗಿರುತ್ತದೆ. ಆಮೇಲೆ ಮೆಟ್ಟಿಲಿಗೆ ಗ್ರಾನೈಟು ಮತ್ತು ಗಾರೆ ಸೇರಿ ಒಂದೂವರೆ ಇಂಚು, ಹಾಲಿಗೆ ಮತ್ತು ಮೇಲಿನ ಮಹಡಿಗೆ ಮೂರಿಂಚು ಏರಿತು ಅನ್ನಿ. ಮೊದಲ ಮೆಟ್ಟಿಲು ನಾಲ್ಕೂವರೆ ಇಂಚಿಗೆ ಇಳಿಯುತ್ತದೆ. ಕೊನೆಯದು ಏಳೂವರೆಗೆ ಏರುತ್ತದೆ. ಹತ್ತುವವರು ಕೊನೆಯ ಮೆಟ್ಟಿಲಲ್ಲಿ ದಿನಾ ಎಡವುತ್ತಾರೆ. ಸರಿಯಾದ ಕ್ರಮ ಅಂದರೆ ಕಾಂಕ್ರೀಟಿನಲ್ಲೇ ಮೊದಲನೆಯದನ್ನು ಏಳೂವರೆ, ಕೊನೆಯದನ್ನು ನಾಲ್ಕೂವರೆ ಇಡುವುದು. ಕಲ್ಲು ಹಾಸಿದ ಮೇಲೆ ಎಲ್ಲವೂ ಆರಿಂಚಿಗೆ ಬಂದು ನಿಲ್ಲುತ್ತವೆ. ಸೆಂಟ್ರಿಂಗಿನವರಿಗೆ ಇದನ್ನು ಹೇಳಿದರೆ ಮೊದಲು ವಿಚಿತ್ರವಾಗಿ ನೋಡುತ್ತಾರೆ. ಕಾಗದದ ಮೇಲೆ ಬರೆದು ತೋರಿಸಿ.

ಇದಕ್ಕೆಲ್ಲ ಒಂದೇ ಮದ್ದು. ನೆಲಕ್ಕೆ ಏನು ಹಾಕುತ್ತೀರಿ, ಅದು ಗಾರೆ ಸೇರಿ ಎಷ್ಟು ದಪ್ಪ ಅನ್ನುವುದನ್ನು ವಾಸಕಾಲು ಪೂಜೆಗೆ ಮೊದಲೇ ತೀರ್ಮಾನ ಮಾಡಿ. ಟೈಲ್ಸ್ ಬಣ್ಣ ಆಮೇಲೆ ನೋಡಿಕೊಳ್ಳಬಹುದು, ದಪ್ಪ ಈಗಲೇ ಬೇಕು. ಆ ಮುಗಿದ ನೆಲದಿಂದ ಸರಿಯಾಗಿ ಮೂರಡಿ ಮೇಲೆ, ಟ್ಯೂಬ್ ಲೆವೆಲ್ (ಮಟ್ಟ ನೋಡುವ ನೀರು ತುಂಬಿದ ಪೈಪು) ಹಿಡಿದು, ಎಲ್ಲ ರೂಮಿನ ಎಲ್ಲ ಗೋಡೆಗೂ ಒಂದು ಗೆರೆ ಹೊಡೆಸಿ. ನಾವು ನೀಲಿ ಪುಡಿ ಹಚ್ಚಿದ ದಾರದಲ್ಲಿ ಹೊಡೆಸಿದ್ದೆವು, ಅದೂ ಅರ್ಧ ಮನೆ ಆದ ಮೇಲೆ. ಬಾಗಿಲು, ಕಿಟಕಿ, ಅಡುಗೆಕಟ್ಟೆ, ಸ್ವಿಚ್ ಬಾಕ್ಸು, ನಲ್ಲಿ, ಎಲ್ಲರೂ ಅದೇ ಗೆರೆಯಿಂದ ಅಳೆಯಬೇಕು. ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕಚ್ಚಾ ನೆಲದಿಂದ ಅಳೆಯುತ್ತಾನೆ, ಪ್ಲಂಬರ್ ಕಿಟಕಿಯಿಂದ ಅಳೆಯುತ್ತಾನೆ, ಬಡಗಿ ಕಣ್ಣಳತೆಯಲ್ಲೇ ನೋಡುತ್ತಾನೆ.

ಹಂತ 4: ಕಂಬಿಯನ್ನು ಕಾಂಕ್ರೀಟು ಮುಚ್ಚುವ ಮೊದಲು

ಮೋಲ್ಡ್ ಹಾಕುವ, ಅಂದರೆ ಸ್ಲ್ಯಾಬಿಗೆ ಕಾಂಕ್ರೀಟ್ ಸುರಿಯುವ ದಿನ ಸೈಟಿನಲ್ಲಿ ಜಾತ್ರೆ. ಆವತ್ತು ಏನನ್ನೂ ಪರೀಕ್ಷೆ ಮಾಡಲು ಆಗುವುದಿಲ್ಲ. ಹಿಂದಿನ ದಿನ ಮಧ್ಯಾಹ್ನ ಎಂಜಿನಿಯರ್, ಮೇಸ್ತ್ರಿ, ಎಲೆಕ್ಟ್ರಿಷಿಯನ್, ಪ್ಲಂಬರ್ ನಾಲ್ವರನ್ನೂ ಒಟ್ಟಿಗೆ ಸೆಂಟ್ರಿಂಗ್ ಮೇಲೆ ನಿಲ್ಲಿಸಿ. ಒಟ್ಟಿಗೆ ಅನ್ನುವುದೇ ಮುಖ್ಯ. ಪ್ಲಂಬರಿನ ಪೈಪು ಬೀಮಿನ ಕಂಬಿ ಮಧ್ಯೆ ಹೋಗುತ್ತದೆ ಅನ್ನುವುದು ಇಬ್ಬರೂ ಎದುರುಬದುರು ನಿಂತಾಗಲೇ ಗೊತ್ತಾಗುವುದು.

ಎಂಜಿನಿಯರ್ ಕಂಬಿಯ ಅಂತರ ನೋಡಲಿ. ನೀವು ಕವರ್ ಬ್ಲಾಕ್, ಅಂದರೆ ಕಂಬಿಯ ಕೆಳಗೆ ಇಡುವ ಸಣ್ಣ ಬಿಲ್ಲೆಗಳನ್ನು ನೋಡಿ. ಕಂಬಿ ನೇರ ಹಲಗೆಗೆ ತಾಗಿ ಕೂತಿರಬಾರದು. ಭಾರತೀಯ ಮಾನಕ ಐಎಸ್ 456ರ ಪ್ರಕಾರ ಸಾಧಾರಣ ವಾತಾವರಣದ ಸ್ಲ್ಯಾಬಿಗೆ 20 ಮಿ.ಮೀ., ಕಾಲಂಗೆ 40 ಮಿ.ಮೀ., ಪಾಯದ ಫುಟಿಂಗಿಗೆ 50 ಮಿ.ಮೀ. ಕಾಂಕ್ರೀಟಿನ ಹೊದಿಕೆ ಬೇಕು. ಫ್ಯಾನಿನ ಬಾಕ್ಸು, ಲೈಟಿನ ಪೈಪು, ಇನ್ವರ್ಟರಿನ ಲೈನು, ಸೋಲಾರ್ ಬಿಸಿನೀರು ಕೆಳಗಿಳಿಯುವ ದಾರಿ, ಬಚ್ಚಲಿನ ಸಂಕನ್ (ಪೈಪಿಗೆ ಜಾಗ ಬಿಡಲು ತಗ್ಗಿಸಿದ ಸ್ಲ್ಯಾಬು) ಎಲ್ಲವನ್ನೂ ಡ್ರಾಯಿಂಗ್ ಹಿಡಿದು ಎಣಿಸಿ. ಒಂದು ತೂತು ಮರೆತರೆ ಕೋರ್ ಕಟಿಂಗ್ ಮಷಿನ್ ಕರೆಸಬೇಕು. ಮಷಿನ್ ಕಂಬಿಯನ್ನೂ ಕೊಯ್ಯಬಹುದು. ಬೀಮನ್ನಂತೂ ಎಂಜಿನಿಯರ್ ಹೇಳದೆ ಯಾರಿಗೂ ಮುಟ್ಟಲು ಬಿಡಬೇಡಿ.

ಕಾಂಕ್ರೀಟ್ ಕಲಸಿದ್ದು ಗಟ್ಟಿಯಾಯಿತು ಅಂತ ಕೆಲಸದವರು ನೀರು ಸುರಿಯುತ್ತಾರೆ. ಎಂ20 ದರ್ಜೆಯ ಕಾಂಕ್ರೀಟ್ ಮಿಶ್ರಣಕ್ಕೆ 50 ಕೆ.ಜಿ. ಸಿಮೆಂಟಿನ ಮೂಟೆಗೆ ಸುಮಾರು 30 ಲೀಟರ್ ಮಿತಿ, ಒದ್ದೆ ಮರಳಿನಲ್ಲಿರುವ ನೀರೂ ಅದರಲ್ಲೇ ಸೇರಿತು. ಆಮೇಲೆ ಕ್ಯೂರಿಂಗ್. ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ಮಾಮೂಲಿ (ಒಪಿಸಿ) ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿ ತರಹದ, ಅಂದರೆ ಹಾರುಬೂದಿಯಂಥದ್ದು ಬೆರೆಸಿದ ಸಿಮೆಂಟಿಗೆ ಕನಿಷ್ಠ 10 ದಿನ. 14 ದಿನ ಮಾಡಿದರೆ ಇನ್ನೂ ಒಳ್ಳೆಯದು. ಸ್ಲ್ಯಾಬನ್ನು ಕೆಳಗಿನಿಂದ ಹೊತ್ತಿರುವ ಹಲಗೆ, ಜಂತಿಗಳನ್ನು ಯಾವಾಗ ಬಿಚ್ಚಬೇಕು ಅನ್ನುವುದನ್ನು ಸೆಂಟ್ರಿಂಗಿನವರ ಮುಂದಿನ ಸೈಟಿನ ಅವಸರಕ್ಕೆ ಬಿಡಬೇಡಿ, ಎಂಜಿನಿಯರನ್ನು ಕೇಳಿ.

ಹಂತ 5: ಪೈಪನ್ನು ಪ್ಲಾಸ್ಟರು ಮುಚ್ಚುವ ಮೊದಲು

ಗೋಡೆ ಎದ್ದಿದೆ, ಪ್ಲಾಸ್ಟರ್ ಇಲ್ಲ. ಒಂದು ಸಂಜೆ ಮನೆಯ ಹೆಂಗಸರು, ಗಂಡಸರು ಎಲ್ಲ ಸೇರಿ, ಕೈಯಲ್ಲಿ ಸೀಮೆಸುಣ್ಣ ಹಿಡಿದು ಬರೀ ಗೋಡೆಯ ಮನೆಯಲ್ಲಿ ಬಾಳಿ ನೋಡಿ. ಮಿಕ್ಸಿ ಎಲ್ಲಿ? ಫ್ರಿಜ್ ಎಲ್ಲಿ, ಅದರ ಸ್ವಿಚ್ ಫ್ರಿಜ್ಜಿನ ಹಿಂದೆ ಮರೆಯಾಗುತ್ತಾ? ನೀರಿನ ಫಿಲ್ಟರಿಗೆ ಕರೆಂಟು, ನಲ್ಲಿ, ಕೊಳೆನೀರು ಹೋಗುವ ದಾರಿ ಮೂರೂ ಬೇಕು, ಇದೆಯಾ? ವಾಷಿಂಗ್ ಮಷಿನ್? ಚಿಮಣಿಯ ತೂತು? ಮುಂದೆ ಎಂದಾದರೂ ಎಸಿ ಹಾಕಿಸುವುದಿದ್ದರೆ ಅದರ ನೀರು ಎಲ್ಲಿ ಇಳಿಯುತ್ತದೆ? ದೇವರ ಮನೆಯಲ್ಲಿ ಸೀರಿಯಲ್ ಸೆಟ್ಟಿಗೊಂದು ಪಾಯಿಂಟು? ಉತ್ತರಗಳನ್ನು ಗೋಡೆ ಮೇಲೇ ಬರೆಯಿರಿ.

ಕಮೋಡು ಮತ್ತು ಶವರ್ ಡೈವರ್ಟರ್ (ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ, ಗೋಡೆಯೊಳಗೆ ಕೂರುವ ವಾಲ್ವು) ಮಾಡೆಲನ್ನು ಈಗಲೇ ಆರಿಸಿ. ದುಡ್ಡು ಆಮೇಲೆ ಕೊಡಿ, ಮಾಡೆಲ್ ಈಗ. ಕಮೋಡಿನ ಹೊರದಾರಿ ನೆಲಕ್ಕಾ, ಗೋಡೆಗಾ, ಗೋಡೆಯಿಂದ ಎಷ್ಟು ದೂರ ಅನ್ನುವುದು ಮಾಡೆಲಿನಿಂದ ಮಾಡೆಲಿಗೆ ಬೇರೆ. ಆ ದೂರವನ್ನು ಟೈಲ್ಸ್ ಹಾಕಿದ ಗೋಡೆಯಿಂದ ಅಳೆಯಬೇಕು, ಬ್ಲಾಕಿನಿಂದ ಅಲ್ಲ. ಡೈವರ್ಟರ್ ಕೂರಿಸುವಾಗಲೂ ಮುಂದೆ ಬರುವ ಪ್ಲಾಸ್ಟರ್ ಮತ್ತು ಟೈಲ್ಸ್ ದಪ್ಪ ಲೆಕ್ಕಕ್ಕೆ ತಗೊಳ್ಳದಿದ್ದರೆ ಅದು ಗೋಡೆಯೊಳಗೆ ಹೂತು, ಮೇಲಿನ ಪ್ಲೇಟು ಕೂರುವುದೇ ಇಲ್ಲ. ನಮ್ಮಲ್ಲಿ ಹೀಗಾಗಿ ಮೂರು ಟೈಲ್ಸ್ ಒಡೆಸಿದೆವು. ಅದೇ ಬ್ಯಾಚಿನ ಟೈಲ್ಸ್ ಅಂಗಡಿಯಲ್ಲಿ ಖಾಲಿ. ಈಗಲೂ ಆ ಮೂರು ಒಂಚೂರು ಬೇರೆ ಬಣ್ಣವೇ. ಟೈಲ್ಸ್ ತರುವಾಗ ಒಂದು ಬಾಕ್ಸ್ ಜಾಸ್ತಿ ತನ್ನಿ ಅನ್ನುವುದನ್ನು ನಾನು ಕಲಿತದ್ದು ಹೀಗೆ.

ನೀರಿನ ಲೈನುಗಳ ಬಾಯಿ ಎಲ್ಲ ಮುಚ್ಚಿ, ನೀರು ತುಂಬಿಸಿ, ಟೆಸ್ಟ್ ಪಂಪಿನಿಂದ ಒತ್ತಡ ಕೊಡಿಸಿ. ಗೇಜಿನ ಮುಳ್ಳು ರಾತ್ರಿಯಿಡೀ ಇಳಿಯದೆ ನಿಂತಿರಬೇಕು. "ನಲವತ್ತು ಮನೆ ಮಾಡಿದೀನಿ, ಟೆಸ್ಟ್ ಬೇಕಾಗಿಲ್ಲ" ಅಂದರೆ, ನಲವತ್ತೊಂದನೆಯದಕ್ಕೆ ಮಾಡಿ ಅನ್ನಿ. ಪ್ಲಾಸ್ಟರಿಗೆ ಮೊದಲು ಪ್ರತಿ ಗೋಡೆಯ ಫೋಟೋ ತೆಗೆಯಿರಿ, ಟೇಪನ್ನು ಬಿಚ್ಚಿ ಗೋಡೆಗೆ ಹಿಡಿದು. ಎರಡು ವರ್ಷ ಬಿಟ್ಟು ಕನ್ನಡಿ ಹಾಕಲು ಡ್ರಿಲ್ ಹಿಡಿದಾಗ ಪೈಪು ಎಲ್ಲಿದೆ ಅಂತ ಆ ಫೋಟೋ ಹೇಳುತ್ತದೆ. ಕಾಲಂ ಮತ್ತು ಬ್ಲಾಕ್ ಗೋಡೆ ಸೇರುವ ಜಾಗಕ್ಕೆ ಕೋಳಿ ಜಾಲರಿ ಹೊಡೆಸದೆ ಪ್ಲಾಸ್ಟರ್ ಮಾಡಲು ಬಿಡಬೇಡಿ. ಬಿರುಕು ಮೊದಲು ಬರುವುದೇ ಅಲ್ಲಿ.

ಹಂತ 6: ಬಚ್ಚಲಿಗೆ ಟೈಲ್ಸ್ ಹಾಕುವ ಮೊದಲು

ವಾಟರ್‌ಪ್ರೂಫಿಂಗ್ ಮಾಡಿದ ಮೇಲೆ ಅದು ಪೂರ್ತಿ ಒಣಗಲಿ. ನೀರು ಹೋಗುವ ಬಾಯಿ ಮುಚ್ಚಿ, ಬಚ್ಚಲಲ್ಲಿ ಎರಡು ದಿನ ನೀರು ನಿಲ್ಲಿಸಿ. ಮಟ್ಟಕ್ಕೆ ಒಂದು ಪೆನ್ಸಿಲ್ ಗೆರೆ ಎಳೆದು ಇಟ್ಟಿರಿ. ಕೆಳಗಿನ ಮನೆಯ ಸೀಲಿಂಗ್ ಒಣಗಿಯೇ ಇದ್ದರೆ ಮುಂದಕ್ಕೆ ಹೋಗಿ. ಟೈಲ್ಸ್ ಆದ ಮೇಲೆ ಒಂದು ಚೊಂಬು ನೀರು ಸುರಿಯಿರಿ. ಅದು ಜಾಲರಿಯ ಕಡೆಗೇ ಓಡಬೇಕು, ಬಾಗಿಲ ಕಡೆಗಲ್ಲ. ಇದನ್ನು ಟೈಲ್ಸಿನವನಿಗೆ ದುಡ್ಡು ಕೊಡುವ ಮೊದಲು ಮಾಡಿ.

ಪೇಂಟಿಂಗಿಗೆ ಅವಸರ ಬೇಡ. ಹೊಸ ಪ್ಲಾಸ್ಟರ್ ಗಟ್ಟಿಯಾಗಿ ಒಣಗಲು 28 ದಿನ ಬಿಡಿ.

ಹಂತ 7: ತಪ್ಪಾಗೇ ಹೋಯಿತು, ಈಗ?

ಎಲ್ಲವನ್ನೂ ಒಡೆಸಬೇಕಿಲ್ಲ. ನಾನು ಮೂರು ಗುಂಪು ಮಾಡಿಕೊಂಡಿದ್ದೆ. ಕಾಲಂ ನೆಟ್ಟಗೆ ನಿಂತಿಲ್ಲ, ಕಾಂಕ್ರೀಟ್ ಜೇನುಗೂಡಿನ ಹಾಗೆ ಪೊಳ್ಳು ಬಿಟ್ಟಿದೆ, ಕಂಬಿ ಕಡಿಮೆ ಬಿದ್ದಿದೆ ಅಂದರೆ ಕೆಲಸ ನಿಲ್ಲಿಸಿ ಎಂಜಿನಿಯರನ್ನು ಕರೆಸಬೇಕು. ಮೇಲೆ ಸಿಮೆಂಟ್ ಮೆತ್ತಲು ಬಿಡಬಾರದು. ನೀರಿಗೆ ಸಂಬಂಧಿಸಿದ್ದು ಎಷ್ಟು ಸಣ್ಣದಾದರೂ ಈಗಲೇ ಒಡೆಸಬೇಕು. ಬರೀ ಕಣ್ಣಿಗೆ ಕಾಣುವ ತಪ್ಪಾದರೆ ಒಂದು ರಾತ್ರಿ ಸುಮ್ನೆ ಮಲಗಿ ಎದ್ದು ಆಮೇಲೆ ನೋಡಬಹುದು. ಗೋಡೆ ಅರ್ಧ ಇಂಚು ವಾಲಿದ್ದರೆ ಪ್ಲಾಸ್ಟರಿನಲ್ಲಿ ಮುಚ್ಚಿಹೋಗುತ್ತದೆ. ರೂಮಿನಲ್ಲಿ ಒಂದು ಟೈಲ್ಸ್ ಮೂಲೆ ತಟ್ಟಿದರೆ ಟೊಳ್ಳು ಸದ್ದು ಬಂತು ಅಂತ ಇಡೀ ಸಾಲು ಕೀಳಿಸಿದರೆ ಪಕ್ಕದವೂ ಸಡಿಲ ಆಗುತ್ತವೆ. ಅದೇ ಬಚ್ಚಲಲ್ಲಾದರೆ ಬದಲಾಯಿಸಿ.

ನಿಮ್ಮ ಮನಸ್ಸು ಬದಲಾಗಿ ಒಡೆಸುವುದಿದ್ದರೆ ಬಾಯಿಮಾತಿನಲ್ಲಿ ಹೇಳಬೇಡಿ. ಏನು ಬದಲು, ಎಷ್ಟು ಖರ್ಚು, ಎಷ್ಟು ದಿನ ಹೆಚ್ಚು ಅಂತ ಮೇಸ್ತ್ರಿಗೆ ವಾಟ್ಸಾಪಿನಲ್ಲಿ ಕಳಿಸಿ, "ಸರಿ" ಅಂತ ಉತ್ತರ ಬಂದ ಮೇಲೆ ಕೆಲಸ. ಮನೆಯಿಂದ ಆರ್ಡರ್ ಹೋಗುವುದು ಒಬ್ಬರಿಂದ ಮಾತ್ರ ಆಗಿರಲಿ. ನಮ್ಮಲ್ಲಿ ಬೆಳಿಗ್ಗೆ ನಾನು ಒಂದು ಹೇಳಿ ಆಫೀಸಿಗೆ ಹೋಗುತ್ತಿದ್ದೆ, ಮಧ್ಯಾಹ್ನ ಅಪ್ಪ ಬಂದು ಇನ್ನೊಂದು ಹೇಳುತ್ತಿದ್ದರು. "ಬೆಳಿಗ್ಗೆ ಹೇಳಿದ್ರೆ ಅದು ಬ್ಲಾಕು ಸಾರ್, ಸಂಜೆ ಹೇಳಿದ್ರೆ ಗೋಡೆ" ಅಂದರು ನಮ್ಮ ಮೇಸ್ತ್ರಿ ಒಂದಿನ, ಬೀಡಿ ಹಚ್ಚುತ್ತಾ. ಅದನ್ನೂ ಪುಸ್ತಕದ ಕೊನೆಯ ಪುಟದಲ್ಲಿ ಬರೆದುಕೊಂಡೆ.

ಕೊನೆಯ ಕಂತಿನಲ್ಲಿ ಸ್ವಲ್ಪವನ್ನು, ಒಂದು ಮಳೆಗಾಲ ನೋಡಿ ಕೊಡುತ್ತೇವೆ ಅಂತ ಮೊದಲೇ ಅಗ್ರಿಮೆಂಟಿನಲ್ಲಿ ಬರೆಸಿಕೊಳ್ಳಿ. ನಮ್ಮ ಗೃಹಪ್ರವೇಶ ಆಗಿದ್ದು ಮಾರ್ಚಿನಲ್ಲಿ. ಜೂನಿನ ಎರಡನೇ ಜೋರು ಮಳೆಗೆ ಟೆರೇಸ್ ಬಾಗಿಲ ಪಕ್ಕ ಅಂಗೈ ಅಗಲದ ಒದ್ದೆ ಕಲೆ ಕಾಣಿಸಿತು. ಫೋನ್ ಮಾಡಿದ ಮಾರನೇ ದಿನವೇ ಮೇಸ್ತ್ರಿ ಕರಣೆ ಹಿಡಿದು ಬಂದರು, ಸರಿ ಮಾಡಿದರು, ಇನ್ನೊಂದು ಮಳೆ ಆಗಲಿ ಅಂತ ತಾವೇ ಹೇಳಿ ಹೋದರು. ಕಲೆ ಮತ್ತೆ ಬರಲಿಲ್ಲ. ಆಗಸ್ಟಿನಲ್ಲಿ ಬಂದು ದುಡ್ಡು ಎಣಿಸಿಕೊಂಡು ಹೋದರು.